ಕೋಳಿಗೂಡಿಗೆ ಕಟ್ಟಿದ ಸೀರೆಗಳು

ವುಡ್‌ಲ್ಯಾಂಡ್ ಹಿಲ್ಸಿನ ನಮ್ಮ ಬಾಡಿಗೆ ಮನೆಗೆ ಒಳ್ಳೆಯ ಮುಂಬಾಗಿಲೇ ಇತ್ತು. ಅಪ್ಪ ಮಾತ್ರ ಅದನ್ನು ಬಳಸುತ್ತಿರಲಿಲ್ಲ. ಶುಕ್ರವಾರ ಸಂಜೆ ಸ್ಯಾನ್ ಡಿಯೇಗೋದಿಂದ ಮೂರು ಗಂಟೆ, ಟ್ರಾಫಿಕ್ ಕೆಟ್ಟರೆ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದವನು ಪಕ್ಕದ ಸಂದಿಯ ಮರದ ಗೇಟು ತೆಗೆದು, ಬೂಟು ಹಾಕಿಕೊಂಡೇ ನೇರ ಹಿತ್ತಲಿಗೆ ಹೋಗುತ್ತಿದ್ದ. ಅಲ್ಲಿ ಐದು ಕೋಳಿಗಳಿದ್ದವು. ಅವುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೂ ಹೆಸರು ಹಿಡಿದು ಕರೆದು, ಕಾಳು ಹಾಕಿ, ನೀರು ಬದಲಾಯಿಸಿ, ಆಮೇಲೆ ಅಡುಗೆಮನೆಯ ಗಾಜಿನ ಬಾಗಿಲು ಸರಿಸಿಕೊಂಡು ಒಳಗೆ ಬರುತ್ತಿದ್ದ. ಅಷ್ಟು ಹೊತ್ತೂ ನಾವು ಮೂವರು, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ಹದಿನಾಲ್ಕು ವರ್ಷದ ನಾನು, ಕಿಟಕಿಯಿಂದ ನೋಡುತ್ತಾ ಕಾಯುತ್ತಿದ್ದೆವು. ಮೊದಲು ಕೋಳಿ, ಆಮೇಲೆ ನಾವು. ಈ ಸರದಿಗೆ ಎಷ್ಟು ಒಗ್ಗಿಹೋಗಿದ್ದೆನೆಂದರೆ ಅಪ್ಪ ಬರುವುದೇ ಕೋಳಿಗಳಿಗಾಗಿ, ಅವು ಇರುವಷ್ಟು ದಿನ ಅವನು ಬರುತ್ತಾನೆ ಎಂದು ನಂಬಿಬಿಟ್ಟಿದ್ದೆ. ನನ್ನನ್ನು ಯಾರೂ ತಿದ್ದಲಿಲ್ಲ. ತಿದ್ದಬೇಕಾದವರೂ ಅದನ್ನೇ ನಂಬಿದ್ದರೆಂದು ನನಗೆ ಗೊತ್ತಾಗಿದ್ದು ಕೋಳಿಗಳು ಸತ್ತ ಮೇಲೆ.

ಅವು ಬಂದದ್ದು ಲಾಕ್‌ಡೌನಿನ ಮೊದಲ ವಸಂತದಲ್ಲಿ. ದೊಡ್ಡ ಕಟ್ಟಡಗಳೊಳಗೆ ಗಾಳಿ ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು ಎಂದು ಲೆಕ್ಕ ಹಾಕುವ ಇಂಜಿನಿಯರ್ ನಮ್ಮಪ್ಪ. ಆಫೀಸುಗಳೆಲ್ಲ ಖಾಲಿಯಾದಾಗ ಯಾರಿಗೂ ಗಾಳಿ ಬೇಡವಾಗಿ, ಅವನ ಕೆಲಸವೂ ಹೋಯಿತು. ಅಮ್ಮ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಬೆಳಗಿನಿಂದ ಸಂಜೆವರೆಗೆ ಮೀಟಿಂಗುಗಳಲ್ಲಿ ಇರುತ್ತಿದ್ದಳು. ಅಪ್ಪ ಹಾಲಿನಲ್ಲಿ ಸುಮ್ಮನೆ ಓಡಾಡುತ್ತಿದ್ದ. ಒಂದು ದಿನ ಮಾಸ್ಕ್ ಹಾಕಿಕೊಂಡು ಎಲ್ಲಿಗೋ ಹೋದವನು ರಟ್ಟಿನ ಡಬ್ಬಿ ಹಿಡಿದುಕೊಂಡು ಬಂದ. ಒಳಗೆ ಚಿಂವ್ ಚಿಂವ್ ಎನ್ನುವ ಐದು ಮರಿಗಳು. ನಾವು ವಿಜಾಪುರದ ಕಡೆಯ ಲಿಂಗಾಯತರು. ಮೊಟ್ಟೆ ಮುಟ್ಟಿದ ಕೈಯಿಂದ ಒಲೆ ಮುಟ್ಟಬಾರದು ಎನ್ನುವ ಮನೆ. ಅಜ್ಜಿ ಡಬ್ಬಿಯೊಳಗೆ ಇಣುಕಿ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಯಪ್ಪಾ ದೇವರ! ಮನ್ಯಾಗ ಕೋಳಿ ತಂದಾನಲ್ಲ ಇಂವ! ಕೇಳಿದವರು ಏನಂದಾರು?"

"ತಿನ್ನಾಕ ತಂದಿಲ್ಲವ್ವ. ಸಾಕಾಕ ತಂದೀನಿ."

"ಸಾಕಿ ಏನ ಮಾಡಾಂವ?"

"ನೋಡಕೋತ ಕುಂದ್ರಾಂವ."

ಅಮ್ಮ ಬೆಂಗಳೂರಿನವಳು. ಅವಳ ಮಾತು ಮೆತ್ತಗಿದ್ದರೂ ಸರಿಯಾದ ಜಾಗಕ್ಕೇ ಚುಚ್ಚುತ್ತಿತ್ತು. ಕೋಣೆಯ ಬಾಗಿಲು ಅರ್ಧ ತೆಗೆದು, "ನೋಡ್ಕೊಂಡು ಕೂರೋಕೆ ನಿಮಗೆ ಟೈಮ್ ಇದೆ ಬಿಡಿ" ಅಂದು ಮತ್ತೆ ಬಾಗಿಲು ಹಾಕಿಕೊಂಡಳು. ಆ ವಾರವಿಡೀ ಅಪ್ಪ ಹಿತ್ತಲಲ್ಲಿ ಗರಗಸ ಹಿಡಿದು ನಿಂತು ಮರದ ಚೌಕಟ್ಟು ಮಾಡಿ, ನಾಲ್ಕೂ ಕಡೆ ಜಾಲರಿ ಬಡಿದು, ಮೇಲೆ ತಗಡಿನ ಶೀಟು ಹಾಕಿದ. ಅವನು ಏನನ್ನಾದರೂ ಅಷ್ಟು ಮನಸ್ಸಿಟ್ಟು ಮಾಡಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಹೆಸರಿಟ್ಟವನೂ ಅವನೇ. ಗಂಗಕ್ಕ, ನೀಲಕ್ಕ, ಸಂಗಕ್ಕ, ಬಸಕ್ಕ, ಶಾಂತಕ್ಕ. ಎಲ್ಲ ಊರಿನ ಹಿರಿಯ ಹೆಂಗಸರ ಹೆಸರುಗಳು. "ನಮ್ಮಕ್ಕನ ಹೆಸರು ಕೋಳಿಗಿಟ್ಟಾನ, ಸುಟ್ಟ ಬರ್ಲಿ ಇವನ ಬುದ್ಧಿ!" ಎಂದು ಅಜ್ಜಿ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ನಾನು ನೋಡುವಾಗ ಹಿತ್ತಲ ಮೆಟ್ಟಿಲ ಮೇಲೆ ಕೂತು ಅಕ್ಕಿ ನುಚ್ಚು ಎರಚುತ್ತಾ, "ತಿನ್ನ ಸಂಗಕ್ಕ, ನೀನೂ ನಮ್ಮಕ್ಕನಂಗ ಗಡಿಬಿಡಿ ಹೆಂಗಸು" ಅನ್ನುತ್ತಿದ್ದಳು. ಚಳಿಗಾಲದ ಹೊತ್ತಿಗೆ ಮೊಟ್ಟೆ ಶುರುವಾಯಿತು. ಮೊಟ್ಟೆ ಅಡುಗೆಮನೆ ಹೊಸ್ತಿಲು ದಾಟಕೂಡದು ಎಂಬ ಅಜ್ಜಿಯ ಕಾನೂನಿನಂತೆ ಅವನ್ನು ಗರಾಜಿನಲ್ಲಿ ಹಳೆಯ ಶೂ ಡಬ್ಬಿಯಲ್ಲಿಟ್ಟು, ಡಬ್ಬಿ ತುಂಬಿದಾಗ ಪಕ್ಕದ ಮನೆಯ ರೋಸಾ ಆಂಟಿಗೆ ಕೊಡುತ್ತಿದ್ದೆವು. ರೋಸಾ ಆಂಟಿ ಮೆಕ್ಸಿಕೋ ಮೂಲದವರು, ಅಜ್ಜಿಯ ವಯಸ್ಸಿನವರು, ಹುಟ್ಟಿದಾಗಿನಿಂದ ಕೋಳಿಗಳ ನಡುವೆ ಬೆಳೆದವರು. ನಾವು ತಿನ್ನದ ಮೊಟ್ಟೆಗೆ ಯಾಕಿಷ್ಟು ಕಷ್ಟಪಡುತ್ತೇವೆಂದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಮುಂದಿನ ವರ್ಷ ಅಪ್ಪನಿಗೆ ಕೆಲಸ ಸಿಕ್ಕಿತು. ಆದರೆ ಸ್ಯಾನ್ ಡಿಯೇಗೋದಲ್ಲಿ, ದಿನಾ ಆಫೀಸಿಗೆ ಹೋಗಬೇಕಾದ ಕೆಲಸ. ಅವತ್ತು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ಒಳ್ಳೆ ಸುದ್ದಿಯ ಊಟ. ತಟ್ಟೆ ಮುಗಿಯುವಷ್ಟರಲ್ಲಿ ಜಗಳ ಹತ್ತಿಕೊಂಡಿತು.

"ಎಲ್ಲಾರೂ ಹೋಗೂಣು" ಅಂದ ಅಪ್ಪ. "ಅಲ್ಲಿ ಇಷ್ಟ ಬಿಸಲೂ ಇಲ್ಲ. ಸಮುದ್ರದ ಗಾಳಿ ಬರತೈತಿ."

"ಡೈಮಂಡ್ ಬಾರ್ ಊರಿಂದ ಕಲ್ವರ್ ಸಿಟಿ, ಅಲ್ಲಿಂದ ಇಲ್ಲಿ. ಇನ್ನೆಷ್ಟು ಸಲ ಮನೆ ಕಿತ್ಕೊಂಡು ಓಡೋದು?" ಅಂದಳು ಅಮ್ಮ ನನ್ನ ಕಡೆ ಕೈ ತೋರಿಸಿ. " ಗೌರಿ ಸ್ಕೂಲು ಇಲ್ಲಿದೆ. ನನ್ನ ಕೆಲಸ ಇಲ್ಲಿದೆ. ನಿಮಗೆ ಒಂದು ವರ್ಷ ಕೆಲಸ ಇಲ್ದಾಗ ಈ ಮನೆ ನಡೆಸಿದ್ದು ಅದೇ ಕೆಲಸ."

"ಹಂಗಾದ್ರ ನಾ ಒಬ್ಬಾವನ ಹೋಗ್ತೀನಿ."

"ಹೋಗಿ. ತಡೆದವರು ಯಾರು?"

ಅಜ್ಜಿ ತಟ್ಟೆ ನೋಡುತ್ತಾ ಕೂತಿದ್ದಳು. ನನಗೆ ಅಳು ಬರುವ ಹಾಗಾಗಿತ್ತು. 'ಅಪ್ಪಾ, ಹೋಗಬೇಡ' ಎಂದು ಹೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಕೋಳಿಗಳನ್ನ ಯಾರು ನೋಡ್ಕೋತಾರೆ?"

ಅಪ್ಪ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. "ನೀ ನೋಡ್ಕೋ. ನಾ ವಾರಕ್ಕೊಮ್ಮೆ ಬಂದು ನೋಡತೀನಿ" ಅಂದ. ನನ್ನ ನಂಬಿಕೆಗೆ ಆಧಾರ ಈ ಒಂದು ಮಾತು. ಅವನು ವಾರಕ್ಕೊಮ್ಮೆ ಬರುತ್ತೇನೆಂದದ್ದು ಅಮ್ಮನನ್ನು ನೋಡಲಿಕ್ಕಲ್ಲ, ನನ್ನನ್ನು ನೋಡಲಿಕ್ಕೂ ಅಲ್ಲ.

ಅಂದಿನಿಂದ ದಿನಾ ಸಂಜೆ ಏಳೂವರೆಗೆ ಫೋನು. ನನ್ನ ಫೋನಿಗೇ. "ಗಂಗಕ್ಕ ಹೆಂಗದಾಳ? ಬಸಕ್ಕನ ಕಾಲುನೋವು ಕಡಿಮ್ಯಾತೇನ?" ಎಂದು ಶುರುಮಾಡಿ ಐದೂ ಹೆಸರು ಮುಗಿದ ಮೇಲೆ, "ಅವ್ವ ಉಂಡಳಾ?" ಅನ್ನುತ್ತಿದ್ದ. ಕೊನೆಗೆ ಸ್ವಲ್ಪ ತಡೆದು, "ಅಮ್ಮ?" ನಾನು "ಕೆಲಸ ಮಾಡ್ತಿದಾಳೆ" ಅನ್ನುತ್ತಿದ್ದೆ. ಪಾತ್ರೆ ತೊಳೆಯುತ್ತಾ ಅಲ್ಲೇ ನಿಂತಿರುತ್ತಿದ್ದ ಅಮ್ಮ ಕೈ ಚಾಚುತ್ತಿರಲಿಲ್ಲ. ಅವನೂ ಕೊಡು ಅನ್ನುತ್ತಿರಲಿಲ್ಲ. ಹಾಗಾಗಿ ಹೇಳುವುದಕ್ಕೆ ದಿನಾ ಏನಾದರೊಂದು ಕೋಳಿ ಸುದ್ದಿ ಬೇಕಿತ್ತು. ಏನೂ ಇಲ್ಲದ ದಿನ ಕಟ್ಟಿ ಹೇಳುತ್ತಿದ್ದೆ. ಶಾಂತಕ್ಕ ಬೇಲಿ ಹಾರಿದಳು, ನೀಲಕ್ಕ ಹಲ್ಲಿ ಹಿಡಿದಳು. ಶಾಂತಕ್ಕ ಬೇಲಿ ಹಾರಿದ್ದು ಒಂದೇ ಸಲ. ನನ್ನ ಲೆಕ್ಕದಲ್ಲಿ ಇಪ್ಪತ್ತು ಸಲವಾದರೂ ಹಾರಿದ್ದಾಳೆ.

ಆ ವರ್ಷ ಬೇಸಿಗೆ ಕೆಟ್ಟದಾಗಿತ್ತು. ನಮ್ಮ ಆ ಭಾಗ ಕಣಿವೆ. ಸಮುದ್ರದ ತಂಪು ಬೆಟ್ಟದ ಆಚೆಗೇ ನಿಂತುಬಿಡುತ್ತದೆ. ಒಂದು ಭಾನುವಾರ, ನಾಳೆ ನೂರಾ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಊರಿನ ಲೆಕ್ಕದಲ್ಲಿ ನಲವತ್ತೈದರ ಮೇಲೆ ಹೋಗುತ್ತದೆಂದು ಫೋನಿನಲ್ಲಿ ಎಚ್ಚರಿಕೆ ಬಂತು. ಅಪ್ಪ ಆಗಲೇ ಹೊರಟುಹೋಗಿದ್ದ. ಅಜ್ಜಿಗೆ ಎಲ್ಲಿಲ್ಲದ ಉತ್ಸಾಹ ಬಂದುಬಿಟ್ಟಿತು. ಈ ದೇಶದಲ್ಲಿ ಅವಳಿಗೆ ಗೊತ್ತಿರುವ ವಿಷಯ ಅಂತ ಒಂದಿದ್ದರೆ ಅದು ಬಿಸಿಲು. ವಿಜಾಪುರದಲ್ಲಿ ಬೇಸಿಗೆ ಬಂದರೆ ಕಿಟಕಿ ಬಾಗಿಲಿಗೆಲ್ಲ ಗೋಣಿತಟ್ಟು ಕಟ್ಟಿ, ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದರಂತೆ; ಒಳಗೆ ಮಲಗಿದರೆ ಚಳಿ ಹತ್ತುತ್ತಿತ್ತಂತೆ. ನಾಳೆ ಗೂಡಿಗೂ ಹಾಗೇ ಮಾಡೋಣ ಅಂದಳು.

ಬೇಲಿಯ ಆಚೆ ಗಿಡಗಳಿಗೆ ನೀರು ಬಿಡುತ್ತಿದ್ದ ರೋಸಾ ಆಂಟಿಗೆ ನಾನು ಇದನ್ನು ಖುಷಿಯಿಂದ ಹೇಳಿದೆ. ಅವರು ಪೈಪು ಕೆಳಗಿಟ್ಟು ಬಂದರು. ಬೇಡ ಮಗು, ಅಂದರು. ಮೇಲೆ ನೆರಳಿರಲಿ, ಸುತ್ತ ಏನೂ ಕಟ್ಟಬೇಡಿ. ಕೋಳಿ ಬೆವರುವುದಿಲ್ಲ, ಬಾಯಿ ತೆರೆದು ಉಸಿರಿನಲ್ಲೇ ಕಾವು ಹೊರಗೆ ಹಾಕುತ್ತದೆ. ಗಾಳಿ ಆಡದೆ ಒಳಗೆಲ್ಲ ತೇವ ತುಂಬಿಕೊಂಡರೆ ಅದರ ಕಾವು ಹೋಗುವುದಿಲ್ಲ. ಅಗಲವಾದ ಟಬ್ಬಿನಲ್ಲಿ ಕಾಲು ಮುಳುಗುವಷ್ಟು ನೀರಿಡಿ, ತಣ್ಣಗಿನ ಕಲ್ಲಂಗಡಿ ಕೊಡಿ, ಅಷ್ಟು ಸಾಕು.

"ಏನಂತಾಳವ್ವ ಆಕಿ?" ಅಂದಳು ಅಜ್ಜಿ.

ಅವಳಿಗೆ ಇಂಗ್ಲಿಷ್ ಬಾರದು. ಅವಳಿಗೂ ಹೊರಗಿನ ಜಗತ್ತಿಗೂ ನಡುವೆ ಇದ್ದವಳು ನಾನೊಬ್ಬಳೇ. ಎರಡು ವರ್ಷದಿಂದ ಯಾರೂ ಯಾವುದಕ್ಕೂ ಕೇಳದಿದ್ದ ಅಜ್ಜಿ ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣ್ಣರಳಿಸಿಕೊಂಡು ನಿಂತಿದ್ದಳು. ನನಗೆ ಪೂರ್ತಿ ಹೇಳಲು ಮನಸ್ಸಾಗಲಿಲ್ಲ.

"ನೆರಳು ಬೇಕಂತೆ, ಅಜ್ಜಿ. ಟಬ್ಬಲ್ಲಿ ನೀರಿಡಬೇಕಂತೆ. ಕಲ್ಲಂಗಡಿ ಕೊಡಬೇಕಂತೆ."

"ಅಷ್ಟ ಹೌದಿಲ್ಲೋ! ಆಕಿ ನಮ್ಮ ವಿಜಾಪುರದ ಬಿಸಲ ನೋಡ್ಯಾಳೇನ? ನೋಡಾಕ ಹೇಳ ನಾಳೆ."

ಯಾರಿಗೂ ಬೇಜಾರಾಗಬಾರದೆಂದು ಮಾತಿನ ಅರ್ಧ ನುಂಗಿಕೊಳ್ಳುವುದು ನನಗೆ ಆ ಮನೆಯಲ್ಲೇ ಅಭ್ಯಾಸವಾದದ್ದು. ಅಮ್ಮ ಹೇಳಿದ್ದನ್ನು ಅಪ್ಪನಿಗೆ, ಅಪ್ಪ ಹೇಳಿದ್ದನ್ನು ಅಮ್ಮನಿಗೆ ಮುಟ್ಟಿಸುವಾಗ ಚೂಪಾದ ತುದಿಯನ್ನೆಲ್ಲ ನಾನೇ ಮುರಿದು ಕೊಡುತ್ತಿದ್ದೆ. ಒಳ್ಳೆಯ ಮಗಳು ಎಂದು ಎಲ್ಲರೂ ಹೊಗಳುತ್ತಿದ್ದರು. ಈಗಲೂ ನನ್ನ ಜೊತೆ ಇರುವವರು ನನ್ನ ಮೇಲೆ ಹೊರಿಸುವ ದೂರು ಇದೇ: ನೀನು ಯಾವುದನ್ನೂ ಪೂರ್ತಿ ಹೇಳುವುದಿಲ್ಲ. ಅವರು ಹೇಳುವುದು ನಿಜ.

ಸೋಮವಾರ ಅಮ್ಮನ ಆಫೀಸಿನವರು ಎಲ್ಲರನ್ನೂ ಕಲ್ವರ್ ಸಿಟಿಗೆ ಕರೆಸುವ ದಿನ. ಅವಳು ಏಳಕ್ಕೇ ಹೊರಟಳು. ನಾನೂ ಅಜ್ಜಿಯೂ ಒಂಬತ್ತರಿಂದ ಕೆಲಸ ಶುರುಮಾಡಿದೆವು. ಗರಾಜಿನಲ್ಲಿದ್ದ ಬಾಸುಮತಿ ಅಕ್ಕಿಯ ಎರಡು ಗೋಣಿಚೀಲಗಳು ಒಂದು ಪಕ್ಕಕ್ಕೂ ಸಾಲಲಿಲ್ಲ. ಅಜ್ಜಿ ಒಳಗೆ ಹೋಗಿ ತನ್ನ ನಾಲ್ಕು ನೂಲಿನ ಸೀರೆ ತಂದಳು. ಬಕೆಟ್ಟಿನಲ್ಲಿ ಅದ್ದಿ, ಎರಡು ಮಡಿಕೆ ಮಾಡಿ, ಗೂಡಿನ ನಾಲ್ಕೂ ಕಡೆ ಒಂದು ಬೆರಳು ತೂರದ ಹಾಗೆ ಬಿಗಿಯಾಗಿ ಕಟ್ಟಿ, ಬಟ್ಟೆ ಕ್ಲಿಪ್ಪು ಸಿಕ್ಕಿಸಿದೆವು. ನಾನು ಪೈಪು ಹಿಡಿದು ನೀರು ಬಿಟ್ಟೆ. ಹಸಿ ಬಟ್ಟೆಯ ವಾಸನೆ ಹರಡಿತು. ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: 'ಸೂಪರ್! ನಮ್ಮ ಮನೀನ ನೋಡಿದಂಗಾತು.' ಅಜ್ಜಿಗೆ ಅದನ್ನು ಓದಿ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ಒಂದಕ್ಕೆ ಮತ್ತೊಮ್ಮೆ ಸೀರೆಗಳಿಗೆ ನೀರು ಹೊಡೆದು ಒಳಗೆ ಬಂದೆ. ಹೊರಗೆ ಬರಿಗಾಲು ಇಟ್ಟರೆ ಚರ್ಮ ಸುಲಿಯುವ ಬಿಸಿಲು. ಏಸಿ ತಂಪಿನಲ್ಲಿ ಮೊಸರನ್ನ ಉಂಡು ಇಬ್ಬರೂ ನಿದ್ದೆ ಹೋದೆವು. ಎದ್ದಾಗ ನಾಲ್ಕು ದಾಟಿತ್ತು. ಹಿತ್ತಲಲ್ಲಿ ಸದ್ದೇ ಇರಲಿಲ್ಲ. ಒಂದು ಸೀರೆಯ ಕ್ಲಿಪ್ಪು ಕಿತ್ತೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಹೊಡೆಯಿತು. ನಾಲ್ಕು ಕೋಳಿಗಳು ರೆಕ್ಕೆ ಅಗಲಿಸಿ ಬಿದ್ದಿದ್ದವು. ಸಂಗಕ್ಕ ಮಾತ್ರ ಮೂಲೆಯಲ್ಲಿ ಕೊಕ್ಕು ತೆರೆದುಕೊಂಡು ನಿಂತಿತ್ತು. ಅದನ್ನೆತ್ತಿ ಟಬ್ಬಿನ ನೀರಿನಲ್ಲಿಟ್ಟೆ. ಟಬ್ಬಿನ ನೀರೂ ಬೆಚ್ಚಗಿತ್ತು. ನನ್ನ ಕೈಯಲ್ಲೇ ಅದರ ಕತ್ತು ಜೋತುಬಿತ್ತು.

ಅಜ್ಜಿ ಸೀರೆಗಳನ್ನು ಒಂದೊಂದಾಗಿ ಕಿತ್ತು ಎಸೆದಳು. "ಏನ ಆತವ್ವ? ಏನ ಆತ? ತಂಪ ಇತ್ತಲ್ಲ!" ಎಂದು ನನ್ನನ್ನೇ ಕೇಳಿದಳು. ಆಗಲಾದರೂ ರೋಸಾ ಆಂಟಿ ಹೇಳಿದ ಇನ್ನರ್ಧವನ್ನು ಹೇಳಬೇಕಿತ್ತು. "ಬಿಸಿಲು ಜಾಸ್ತಿ ಆಯ್ತು ಅಜ್ಜಿ" ಅಂದೆ. ಆ ಇನ್ನರ್ಧವನ್ನು ಅವಳಿಗೆ ನಾನು ಇವತ್ತಿಗೂ ಹೇಳಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ನೀರು ಬಿಟ್ಟು ನೆಲ ನೆನೆಸಿ, ಬೇಲಿಯ ಪಕ್ಕ ಗುಂಡಿ ತೋಡಿದೆ. ಅಜ್ಜಿ ಒಳಗಿಂದ ವಿಭೂತಿ ತಂದು ಐದರ ತಲೆಗೂ ಹಚ್ಚಿದಳು. ಕೊಯೋಟಿ ಎನ್ನುವ ಇಲ್ಲಿನ ಕಾಡುನರಿಗಳು ಕೆದಕದಿರಲೆಂದು ಮೇಲೆ ಕಲ್ಲು ಹೇರಿದೆವು. ಆಮೇಲೆ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಅಪ್ಪಗ ಹೇಳಬ್ಯಾಡ. ಶುಕ್ರವಾರ ಬರಲಿ. ಬಂದ ಮ್ಯಾಲ ನೋಡೂಣು" ಅಂದಳು. ಯಾಕೆ ಎಂದು ನಾನು ಕೇಳಲಿಲ್ಲ. ನನ್ನ ಹೆದರಿಕೆಯೇ ಅವಳ ಹೆದರಿಕೆಯೂ ಆಗಿತ್ತು.

ಅಮ್ಮ ಸಂಜೆ ಬಂದು ನನ್ನ ಉಗುರಿನ ಮಣ್ಣು ನೋಡಿದಳು, ಹಿತ್ತಲಿಗೆ ಹೋಗಿ ಖಾಲಿ ಗೂಡು ನೋಡಿದಳು, ಒಳಗೆ ಬಂದು ಕುಕ್ಕರ್ ಇಟ್ಟಳು. ಏಳೂವರೆಗೆ ಫೋನು ಬಂತು. ಐವರೂ ಆರಾಮಾಗಿದ್ದಾರೆ, ಸೀರೆಯೊಳಗೆ ಮಹಾರಾಣಿಯರ ಹಾಗೆ ಕೂತಿದ್ದಾರೆ ಅಂದೆ. ಸೌಟು ಹಿಡಿದಿದ್ದ ಅಮ್ಮ ನನ್ನ ಕಡೆ ತಿರುಗಿದಳು. ಬೈಯಲಿಲ್ಲ. ಮಂಗಳವಾರವೂ ಹೀಗೇ ಕಳೆಯಿತು. ಬುಧವಾರ ಅಪ್ಪನಿಗೆ ಏನೋ ಅನುಮಾನ ಬಂದಿರಬೇಕು. ವೀಡಿಯೋ ಮಾಡು, ನೋಡಬೇಕು ಅಂದ. ಮಲಗಿವೆ ಅಂದೆ. ಇನ್ನೂ ಏಳೂವರೆ, ಬೆಳಕಿದೆಯಲ್ಲ, ಇಷ್ಟು ಬೇಗ ಹೇಗೆ ಮಲಗಿದವು ಅಂದ. ಆಗ ಅಮ್ಮ ಒದ್ದೆ ಕೈಯಲ್ಲೇ ಫೋನು ಕಿತ್ತುಕೊಂಡಳು.

"ಹಲೋ. ನಾನು." ಅಷ್ಟು ಹೇಳಿ ಉಸಿರೆಳೆದುಕೊಂಡಳು. "ಚೆನ್ನಾಗಿವೆ ರೀ. ನಿಮ್ಮ ಸಂಗಕ್ಕ ಇವತ್ತು ನನ್ನ ತುಳಸಿ ಗಿಡ ಬುಡ ಸಮೇತ ತಿಂದ್ಲು. ಬಂದು ನೀವೇ ವಿಚಾರಿಸ್ಕೊಳ್ಳಿ."

ಆ ಕಡೆಯಿಂದ ನಗು ಕೇಳಿಸಿತು. ಅಮ್ಮನೂ ನಕ್ಕಳು. ಅವರಿಬ್ಬರೂ ಒಟ್ಟಿಗೆ ನಕ್ಕು ಒಂದು ವರ್ಷವಾಗಿತ್ತು. ಕೋಳಿಗಳನ್ನು ಕಂಡರಾಗದ ನನ್ನಮ್ಮ ಸತ್ತ ಕೋಳಿಗೆ ಇಲ್ಲದ ತುಳಸಿ ತಿನ್ನಿಸುತ್ತಾ ಹತ್ತು ನಿಮಿಷ ಮಾತಾಡಿದಳು. ಅವಳಿಗೂ ಅವನು ಬರುವುದು ಬೇಕಿತ್ತು ಎಂದು ನನಗೆ ಹೊಳೆದದ್ದು ಆಗಲೇ. ಫೋನು ಇಟ್ಟವಳು ಸಿಂಕಿನ ಅಂಚು ಹಿಡಿದುಕೊಂಡು, "ಶುಕ್ರವಾರ ಮಧ್ಯಾಹ್ನವೇ ಹೊರಡ್ತಾರಂತೆ. ಬೇಗ ಬರ್ತಾರಂತೆ" ಅಂದಳು. ಅವಳ ಮುಖ ನೋಡಲಾಗಲಿಲ್ಲ.

ಶುಕ್ರವಾರ ಐದು ಗಂಟೆಗೇ ಬಂದ. ಕೈಯಲ್ಲಿ ಒಂದು ಪೊಟ್ಟಣವಿತ್ತು, ಗೂಡಿನ ಮೇಲೆ ಸಣ್ಣಗೆ ನೀರು ಸಿಂಪಡಿಸುವ ಪೈಪಿನದು. ಪಕ್ಕದ ಗೇಟು ತೆಗೆದ. ನಾವು ಮೂವರೂ ಅಡುಗೆಮನೆಯಲ್ಲಿ ನಿಂತಿದ್ದೆವು. ಅವನು ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತವನು ತುಂಬ ಹೊತ್ತು ಏಳಲಿಲ್ಲ. ಎದ್ದು ಕಲ್ಲುಗಳ ಹತ್ತಿರ ಹೋದ. ಆಮೇಲೆ ಒಳಗೆ ಬಂದ.

"ಯಾವತ್ತ?"

"ಸೋಮವಾರ" ಅಂದೆ.

"ಸೀರಿ ಕಟ್ಟಿದ ದಿನಾನ." ಅವನು ತಲೆಯಾಡಿಸಿದ. "ಗಾಳಿ ಹೆಂಗ ಆಡಬೇಕು ಅನ್ನೋದ ನನ್ನ ನೌಕರಿ. ಫೋಟೋ ನೋಡಿ ನಾನೂ ಸೂಪರ್ ಅಂದೆ. ನಿಮ್ಮ ತಪ್ಪಲ್ಲ ಬಿಡು." ಆಮೇಲೆ ಅಮ್ಮನ ಕಡೆ ತಿರುಗಿದ. "ಮತ್ತ ಬುಧವಾರ ನೀ…"

"ಸುಳ್ಳು ಹೇಳಿದೆ" ಅಂದಳು ಅಮ್ಮ.

"ಯಾಕ?"

ಅಮ್ಮ ಒಲೆಯ ಕಡೆ ತಿರುಗಿದಳು. ಅಜ್ಜಿಯೇ ಹೇಳಿದಳು. "ಕೋಳಿ ಇಲ್ಲಂದ್ರ ನೀ ಬರಾಂಗಿಲ್ಲ ಅಂತ ತಿಳದ್ವೆಪಾ. ಮೂರೂ ಮಂದಿ ಹಂಗ ತಿಳದ್ವಿ."

ಅಪ್ಪ ಕುರ್ಚಿಯ ಮೇಲೆ ಕುಸಿದು ಕೂತ. "ನಾ ಕೋಳಿ ಸಲುವಾಗಿ ಬರತಿದ್ನೇನವ್ವಾ?" ಅಂದ.

ಅಲ್ಲ ಎಂದು ಅವನೇ ಹೇಳುತ್ತಾನೆಂದು ಕಾದೆವು. ಅಮ್ಮ ಒಲೆ ಆರಿಸಿ ನಿಂತಳು. ಅಜ್ಜಿ ಮಗನ ಬಾಯಿಯನ್ನೇ ನೋಡುತ್ತಿದ್ದಳು. ಒಂದೇ ಒಂದು ಮಾತು, ಹೇಳು ಅಪ್ಪಾ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ನಿಜಕ್ಕೂ ಯೋಚಿಸುತ್ತಿದ್ದ. ತನಗೇ ಉತ್ತರ ಗೊತ್ತಿಲ್ಲದವನ ಹಾಗೆ ಪೊಟ್ಟಣದ ಅಂಟುಪಟ್ಟಿಯನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದವನು, "ಕೈ ತೊಳಕೊಂಡು ಬರತೀನಿ" ಎಂದು ಎದ್ದುಹೋದ.

ಯಾವಾಗಲೂ ಭಾನುವಾರ ಸಂಜೆ ಹೊರಡುತ್ತಿದ್ದವನು ಆ ಸಲ ಶನಿವಾರವೇ ಊಟ ಮುಗಿಸಿ ಹೊರಟ. ಮುಂದಿನ ಶುಕ್ರವಾರ ಬರಲಿಲ್ಲ. ಟ್ರಾಫಿಕ್ ಬಹಳ ಇದೆಯಂತೆ, ಮುಂದಿನ ವಾರ ನೋಡುತ್ತಾನಂತೆ. ಏಳೂವರೆಗೆ ಫೋನು ಮಾತ್ರ ಬಂತು. "ಊಟ ಆತೇನ?" ಅಂದ. ಆಯಿತು ಅಂದೆ. "ಸಾಲಿ ಯಾವಾಗ ಚಾಲು?" ಸ್ಕೂಲಿಗೆ ಇನ್ನೆರಡು ವಾರ ಇದೆ ಅಂದೆ. ಆಮೇಲೆ ಅವನಿಗೂ ನನಗೂ ಏನು ಮಾತಾಡಬೇಕೆಂದು ತೋಚಲಿಲ್ಲ. ಅಮ್ಮ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಫೋನಿಗಾಗಿ ನನ್ನ ಪಕ್ಕ ಬಂದು ನಿಂತಳು. ಅಷ್ಟರಲ್ಲಿ ಅವನು ಇಟ್ಟುಬಿಟ್ಟಿದ್ದ.